ಹೃದಯಕ್ಕೆ ವಿಟಮಿನ್ ಇ: ಸ್ಟೆಂಟ್ ಹಾಕಿಸಿಕೊಂಡ ಅಪ್ಪನಿಗೆ ಕೊಡಬಹುದಾ?

ಪ್ರಶ್ನೆ: ಸರ್, ನಾನು ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ತಂದೆಗೆ 64 ವರ್ಷ. ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಹತ್ತು ವರ್ಷದಿಂದ ಶುಗರ್ ಇದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ 40, ರಾಮಿಪ್ರಿಲ್, ಮೆಟ್‌ಫಾರ್ಮಿನ್ ಬರೆದುಕೊಟ್ಟಿದ್ದಾರೆ. ಮೂರು ತಿಂಗಳ ಹಿಂದೆ ಕೆನಡಾದಲ್ಲಿರುವ ನಮ್ಮ ಸೋದರಮಾವ ಊರಿಗೆ ಬಂದಾಗ ವಿಟಮಿನ್ ಇ ಡಬ್ಬಿಗಳನ್ನು ತಂದುಕೊಟ್ಟರು. 400 ಐಯು (ವಿಟಮಿನ್ ಅಳೆಯುವ ಒಂದು ಅಳತೆ) ಮಾತ್ರೆ, ದಿನಕ್ಕೆ ಎರಡು. ಅಲ್ಲಿನ ಡಾ. ಶ್ಯೂಟ್ ಎನ್ನುವವರು ಸಾವಿರಾರು ಹೃದ್ರೋಗಿಗಳನ್ನು ಬರೀ ವಿಟಮಿನ್ ಇ ಕೊಟ್ಟೇ ಗುಣ ಮಾಡಿದ್ದರಂತೆ, ಔಷಧ ಕಂಪನಿಗಳು ಅದನ್ನು ಮುಚ್ಚಿಟ್ಟವಂತೆ. ಅಪ್ಪನಿಗೆ ಎಷ್ಟು ನಂಬಿಕೆ ಬಂದಿದೆ ಎಂದರೆ ಒಂದು ತಿಂಗಳಿಂದ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟೇಬಿಟ್ಟಿದ್ದಾರೆ. ಮೊದಲಿಗಿಂತ ಹುಷಾರಾಗಿದ್ದೇನೆ, ಮೆಟ್ಟಿಲು ಹತ್ತಿದರೂ ಏದುಸಿರು ಬರಲ್ಲ ಅನ್ನುತ್ತಾರೆ. ಆದರೆ ಬಿಪಿ ನೋಡುವಾಗ ಪಟ್ಟಿ ಸುತ್ತಿದ ಜಾಗದಲ್ಲಿ ನೀಲಿ ಕಲೆ ಬೀಳುತ್ತಿದೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿದೆ. ಡಾಕ್ಟರಿಗೆ ಹೇಳೋಣ ಅಂದರೆ, ಬೈತಾರೆ, ಬೇಡ ಅಂತಾರೆ. ಡಾ. ಶ್ಯೂಟ್ ಹೇಳಿದ್ದು ಸುಳ್ಳಾ? ಮಾತ್ರೆ ಮುಂದುವರಿಸಬಹುದಾ?

ಉತ್ತರ: ಮೊದಲು ಅವಸರದ ಮಾತು, ಆಮೇಲೆ ಡಾ. ಶ್ಯೂಟ್ ಕಥೆ. ವಿಟಮಿನ್ ಇ ಇವತ್ತೇ ನಿಲ್ಲಿಸಿ. ಅದನ್ನು ನಿಧಾನವಾಗಿ ಕಡಿಮೆ ಮಾಡುತ್ತಾ ಬರಬೇಕು ಅಂತೇನೂ ಇಲ್ಲ. ಅಪ್ಪ ಬಿಟ್ಟಿರುವ ಕೊಲೆಸ್ಟ್ರಾಲ್ ಮಾತ್ರೆ, ಅಂದರೆ ಅಟೋರ್ವಾಸ್ಟಾಟಿನ್, ಇವತ್ತು ರಾತ್ರಿಯಿಂದಲೇ ಮತ್ತೆ ಶುರುವಾಗಲಿ. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಮಾತ್ರ ಯಾವ ಕಾರಣಕ್ಕೂ ನೀವಾಗಿಯೇ ಬಿಡಿಸಬೇಡಿ. ನೀಲಿ ಕಲೆ ನೋಡಿ ಹೆದರಿ ಮನೆಯವರು ಮೊದಲು ಬಿಡಿಸುವುದೇ ಅವೆರಡನ್ನು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸ್ಟೆಂಟ್ ಹಾಕಿ ಎಂಟೇ ತಿಂಗಳಾಗಿದೆ. ಈಗ ಅವನ್ನು ದಿಢೀರನೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಅದು ಮೊದಲ ಅಟ್ಯಾಕ್‌ಗಿಂತ ಕೆಟ್ಟದ್ದಾಗಬಹುದು. ಇಷ್ಟು ಮಾಡಿ, ನಾಳೆ ಬೆಳಗ್ಗೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿ.

ಇನ್ನು ನಿಮ್ಮ ಪ್ರಶ್ನೆ. ನಿಮಗೆ ನಿಜವಾಗಿ ಕಾಡುತ್ತಿರುವುದು ಎರಡು ವಿಷಯ ಅಂತ ನನಗನ್ನಿಸುತ್ತದೆ. ಮಾವ ಹೇಳಿದ್ದು ಪೂರ್ತಿ ಕಟ್ಟುಕಥೆಯಾ ಎನ್ನುವುದು ಒಂದು. ಕಟ್ಟುಕಥೆಯೇ ಆದರೆ ಅಪ್ಪ ಹುಷಾರಾಗಿದ್ದು ಹೇಗೆ ಎನ್ನುವುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ.

ಡಾ. ಶ್ಯೂಟ್ ಕಟ್ಟುಕಥೆ ಅಲ್ಲ. ಒಬ್ಬರೂ ಅಲ್ಲ, ಅಣ್ಣ ತಮ್ಮ ಇಬ್ಬರು. ಅಣ್ಣ ಇವಾನ್ ಶ್ಯೂಟ್ ಹೆರಿಗೆ ಡಾಕ್ಟರು, ತಮ್ಮ ವಿಲ್‌ಫ್ರಿಡ್ ಶ್ಯೂಟ್ ಹೃದಯದ ಕಡೆಯವರು. ಊರು ಲಂಡನ್. ಇಂಗ್ಲೆಂಡಿನದಲ್ಲ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲೂ ಒಂದು ಲಂಡನ್ ಇದೆ. (ವಿಲ್‌ಫ್ರಿಡ್ ಡಾಬರ್‌ಮನ್ ನಾಯಿಗಳ ವಿಷಯದಲ್ಲೂ ದೊಡ್ಡ ಹೆಸರು, ಶ್ವಾನ ಪ್ರದರ್ಶನಗಳಿಗೆ ತೀರ್ಪು ಕೊಡಲು ಹೋಗುತ್ತಿದ್ದರು. ಇದು ಸುಮ್ನೆ ಹೇಳಿದೆ.) ವಿಟಮಿನ್ ಇ ಪತ್ತೆಯಾಗಿದ್ದು 1922ರಲ್ಲಿ, ಅಮೆರಿಕದ ಬರ್ಕ್‌ಲಿಯಲ್ಲಿ, ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಅವರಿಂದ. ಅದಿಲ್ಲದ ಆಹಾರ ತಿಂದ ಇಲಿಗಳು ಗರ್ಭ ನಿಂತರೂ ಮರಿ ಹಾಕುತ್ತಿರಲಿಲ್ಲ. ಹಾಗಾಗಿ ಅದು ಮೊದಲು ಬಂದಿದ್ದು ಹೆರಿಗೆ ಡಾಕ್ಟರುಗಳ ಕೈಗೆ, ಗರ್ಭಪಾತ ತಡೆಯಬಹುದೇನೋ ಎಂಬ ಆಸೆಯಲ್ಲಿ. ಇವಾನ್ ಶ್ಯೂಟ್ ಆ ದಾರಿಯಲ್ಲೇ ವರ್ಷಗಟ್ಟಲೆ ಅದನ್ನು ಬಳಸಿದವರು. ಮುಂದೆ ರಕ್ತಸ್ರಾವದ ಕಾಯಿಲೆ ಇದ್ದ ಒಬ್ಬ ರೋಗಿಗೆ ಕೊಟ್ಟಾಗ ಅವನ ಎದೆನೋವೂ ಇಳಿಯಿತು, ಅಲ್ಲಿಂದ ತನ್ನ ಗಮನ ಹೃದಯದ ಕಡೆ ತಿರುಗಿತು ಎಂದು ಅವರೇ ಹೇಳಿಕೊಂಡಿದ್ದಾರೆ.

1946ರಲ್ಲಿ ಆರ್ಥರ್ ವೋಗಲ್‌ಸಾಂಗ್ ಎಂಬ ಇನ್ನೊಬ್ಬ ಡಾಕ್ಟರ ಜೊತೆ ಸೇರಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು, ವಿಟಮಿನ್ ಇ ಕೊಟ್ಟರೆ ಹೃದಯದ ರಕ್ತನಾಳದ ಕಾಯಿಲೆ ಸುಧಾರಿಸುತ್ತದೆ ಅಂತ. 'ಟೈಮ್' ವಾರಪತ್ರಿಕೆ ಅದನ್ನು ಸುದ್ದಿ ಮಾಡಿತು. ಇನ್ನೇನು, ಜನ ಮುಗಿಬಿದ್ದರು. 1948ರಲ್ಲಿ ಅಣ್ಣತಮ್ಮ ಸೇರಿ ಶ್ಯೂಟ್ ಇನ್‌ಸ್ಟಿಟ್ಯೂಟ್ ಎಂಬ ಚಿಕಿತ್ಸಾಲಯವನ್ನೇ ತೆರೆದರು. ಮುಂದಿನ ಮೂವತ್ತು ವರ್ಷ ಅಲ್ಲಿಗೆ ಬಂದ ರೋಗಿಗಳ ಲೆಕ್ಕ ಸಾವಿರಗಳಲ್ಲಿ. ಅಷ್ಟರ ಮಟ್ಟಿಗೆ ನಿಮ್ಮ ಮಾವ ಹೇಳಿದ್ದು ಸರಿ.

ಆ ಕಾಲ ಹೇಗಿತ್ತು ಅಂತಲೂ ನೋಡಬೇಕು. 1946ರಲ್ಲಿ ಎದೆನೋವು ಅಂತ ಹೋದರೆ ಡಾಕ್ಟರ ಹತ್ತಿರ ಇದ್ದದ್ದು ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್, ಡಿಜಿಟಾಲಿಸ್, ನೋವಿಗೆ ಮಾರ್ಫಿನ್, ಮತ್ತೆ ಹಾಸಿಗೆ. ಅಟ್ಯಾಕ್ ಆದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. ಹಾಗೆ ಮಲಗಿಸಿದ್ದರಿಂದಲೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಸತ್ತವರೂ ಇದ್ದಾರೆ. ಹೃದಯದ ಬಡಿತ ತಗ್ಗಿಸುವ ಪ್ರೊಪ್ರಾನೊಲಾಲ್‌ನಂಥ ಔಷಧ ಬಂದಿದ್ದು 1960ರ ದಶಕದಲ್ಲಿ. ಬೈಪಾಸ್ ಬಳಕೆಗೆ ಬಂದಿದ್ದು 1967ರಿಂದ. ಬಲೂನ್ ಹಾಕಿ ರಕ್ತನಾಳ ತೆರೆದದ್ದು 1977ರಲ್ಲಿ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಜಾತಿಯ ಮೊದಲ ಮಾತ್ರೆ ಪೇಟೆಗೆ ಬಂದಿದ್ದು 1987ರಲ್ಲಿ. ಇಷ್ಟೂ ಇಲ್ಲದ ಕಾಲದಲ್ಲಿ ಒಬ್ಬ ಡಾಕ್ಟರು ಅಪಾಯ ಕಾಣದ ಒಂದು ಮಾತ್ರೆ ಕೊಟ್ಟು, ಎದ್ದು ಓಡಾಡಿ, ನಿಮಗೆ ವಾಸಿಯಾಗುತ್ತೆ ಅಂದರೆ ರೋಗಿಗೆ ಹೇಗಾಗಿರಬೇಡ! ಅವರನ್ನು ಮೋಸಗಾರರು ಎಂದು ನಾನು ಕರೆಯುವುದಿಲ್ಲ. ಕಣ್ಣಿಗೆ ಕಂಡದ್ದನ್ನೇ ಅವರು ಹೇಳಿದರು. ತೊಂದರೆ ಇರುವುದು ಕಣ್ಣಿಗೆ ಕಾಣುವುದರಲ್ಲೇ.

ಎದೆನೋವು ಬಹಳ ಏರಿಳಿತದ ಕಾಯಿಲೆ. ಜಾಸ್ತಿ ಇದ್ದಾಗ ಜನ ಡಾಕ್ಟರ ಹತ್ತಿರ ಓಡಿ ಬರುತ್ತಾರೆ, ಆಮೇಲೆ ಎಷ್ಟೋ ಜನರಿಗೆ ಅದು ತಾನಾಗಿಯೇ ತಗ್ಗುತ್ತದೆ. ತಗ್ಗಿದಾಗ ಯಾವ ಮಾತ್ರೆ ನುಂಗುತ್ತಿದ್ದರೋ ಹೆಸರು ಅದಕ್ಕೆ ಹೋಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಅದೇ. ಇದಕ್ಕೆ ನಮ್ಮ ವೃತ್ತಿಯಲ್ಲಿ ಒಂದು ನಾಚಿಕೆಯ ಉದಾಹರಣೆ ಇದೆ. 1950ರ ದಶಕದಲ್ಲಿ ಎದೆಗೂಡಿನ ಒಳಭಾಗದ ಒಂದು ರಕ್ತನಾಳವನ್ನು ಕಟ್ಟಿಬಿಟ್ಟರೆ ಹೃದಯಕ್ಕೆ ರಕ್ತ ಜಾಸ್ತಿ ಹೋಗುತ್ತದೆ ಎಂದು ಆಪರೇಷನ್ ಮಾಡುತ್ತಿದ್ದರು. ರೋಗಿಗಳಿಗೆ ನೋವು ಎಷ್ಟೋ ಕಡಿಮೆ ಆಗುತ್ತಿತ್ತು. ಆಮೇಲೆ ಅಮೆರಿಕದ ಕೆಲವು ಡಾಕ್ಟರುಗಳು ಒಂದಷ್ಟು ಜನರಿಗೆ ನಿಜವಾಗಿ ರಕ್ತನಾಳ ಕಟ್ಟಿದರು, ಇನ್ನೊಂದಷ್ಟು ಜನರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿದರು. ಯಾರಿಗೆ ಏನು ಮಾಡಿದ್ದು ಅಂತ ರೋಗಿಗಳಿಗೆ ಗೊತ್ತಿಲ್ಲ. ಎರಡೂ ಗುಂಪಿನವರೂ ಒಂದೇ ಥರ ಸುಧಾರಿಸಿದರು! 1959, 60ರ ಹೊತ್ತಿಗೆ ಆ ಆಪರೇಷನ್ ಮೂಲೆ ಸೇರಿತು. ಹೊಲಿಗೆ ಕಂಡರೇ ಎದೆನೋವು ತಗ್ಗುತ್ತದೆ ಅಂದಮೇಲೆ ಮಾತ್ರೆ ಯಾವ ಲೆಕ್ಕ?

ಶ್ಯೂಟ್ ಸೋದರರು ಇಂಥ ಪರೀಕ್ಷೆ ಮಾಡಲಿಲ್ಲ. ಗುಣವಾಗುವ ಔಷಧವನ್ನು ಅರ್ಧ ಜನರಿಗೆ ಕೊಡದೆ ಹೇಗಿರಲಿ ಎನ್ನುವುದು ಅವರ ನಿಲುವು. ಆ ಕಾಲಕ್ಕೆ ಬೇರೆಯವರು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿದಾಗ ವಿಟಮಿನ್ ಇ ನುಂಗಿದವರಿಗೂ ಔಷಧವೇ ಇಲ್ಲದ ಸುಳ್ಳು ಮಾತ್ರೆ ನುಂಗಿದವರಿಗೂ ಎದೆನೋವಿನಲ್ಲಿ ಫರಕು ಕಾಣಲಿಲ್ಲ. ಡೋಸ್ ಸಾಲಲಿಲ್ಲ, ದಿನ ಸಾಲಲಿಲ್ಲ ಅಂತ ಶ್ಯೂಟ್ ಕಡೆಯವರು ವಾದಿಸಿದರು. ವಾದದಲ್ಲಿ ಸ್ವಲ್ಪ ಹುರುಳೂ ಇತ್ತು, ಯಾಕೆಂದರೆ ಆ ಪರೀಕ್ಷೆಗಳು ತೀರಾ ಚಿಕ್ಕವು. ಹಾಗಾಗಿ ಮಾತು ಅಲ್ಲಿಗೇ ನಿಂತುಬಿಟ್ಟಿತು, ತೀರ್ಮಾನ ಆಗಲಿಲ್ಲ.

ಈಗ "ಮುಚ್ಚಿಟ್ಟರು" ಎನ್ನುವ ಮಾತಿಗೆ ಬರೋಣ. ಮುಚ್ಚಿಟ್ಟಿದ್ದರೆ ಮುಂದಿನದ್ದು ಯಾವುದೂ ನಡೆಯುತ್ತಿರಲಿಲ್ಲ. 1980ರ ದಶಕದ ಕೊನೆಗೆ ಹೊಸದೊಂದು ವಿಚಾರ ಬಲವಾಯಿತು. ಕೆಟ್ಟ ಕೊಲೆಸ್ಟ್ರಾಲ್ ಅಂತ ಕರೆಯುವ ಎಲ್‌ಡಿಎಲ್ ಸುಮ್ನೆ ಹೋಗಿ ರಕ್ತನಾಳಕ್ಕೆ ಅಂಟುವುದಿಲ್ಲ, ಮೊದಲು ಅದು ಆಕ್ಸಿಡೀಕರಣವಾಗಿ ಕೆಡುತ್ತದೆ, ಕೆಟ್ಟಮೇಲೆ ರಕ್ತನಾಳದ ಗೋಡೆಯಲ್ಲಿ ಉರಿಯೂತ ಎಬ್ಬಿಸುತ್ತದೆ ಎಂಬುದು. ಎಣ್ಣೆ ಹಳೆಯದಾದರೆ ಮುಗ್ಗಲು ವಾಸನೆ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಕ್ರಿಯೆ. ವಿಟಮಿನ್ ಇ ಅದನ್ನು ತಡೆಯುವ ವಸ್ತು. ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಚೆನ್ನಾಗಿಯೇ ತಡೆಯುತ್ತದೆ. 1993ರಲ್ಲಿ ಅಮೆರಿಕದ ನರ್ಸುಗಳ ಮೇಲೆ ನಡೆದ ದೊಡ್ಡ ಅಧ್ಯಯನ, ವಿಟಮಿನ್ ಇ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೃದ್ರೋಗ ಸುಮಾರು 40 ಪರ್ಸೆಂಟ್ ಕಡಿಮೆ ಎಂದಿತು. ಆಗ ಎಷ್ಟೋ ಹೃದಯ ತಜ್ಞರು ಸ್ವತಃ ಆ ಮಾತ್ರೆ ನುಂಗತೊಡಗಿದರು. ಇದು ಮುಚ್ಚಿಡುವವರ ಲಕ್ಷಣವಾ?

ಆದರೆ ಆ ನರ್ಸುಗಳ ಲೆಕ್ಕದಲ್ಲಿ ಒಂದು ತೊಡಕಿತ್ತು. ತಾವಾಗಿಯೇ ದುಡ್ಡು ಕೊಟ್ಟು ವಿಟಮಿನ್ ತಂದು ವರ್ಷಗಟ್ಟಲೆ ನುಂಗುವವರು ಸಾಮಾನ್ಯವಾಗಿ ಸಿಗರೇಟು ಸೇದುವುದು ಕಡಿಮೆ, ನಡೆಯುವುದು ಜಾಸ್ತಿ, ಊಟದ ಮೇಲೆ ನಿಗಾ ಜಾಸ್ತಿ. ಕಾಯಿಲೆ ಕಡಿಮೆಯಾದದ್ದು ಮಾತ್ರೆಯಿಂದಲೋ ಆ ನಡವಳಿಕೆಯಿಂದಲೋ? ಅದನ್ನು ಬಿಡಿಸಿ ನೋಡಲು ಇರುವುದು ಒಂದೇ ದಾರಿ, ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಅದೇ ರೂಪದ ಸುಳ್ಳು ಮಾತ್ರೆ ಕೊಡುವುದು. 1996ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನವರು 2,002 ಹೃದ್ರೋಗಿಗಳಲ್ಲಿ ಹಾಗೆ ಮಾಡಿದರು. ಪ್ರಾಣಕ್ಕೆ ಮುಟ್ಟದ ಹಾರ್ಟ್ ಅಟ್ಯಾಕ್‌ಗಳು 77 ಪರ್ಸೆಂಟ್ ಕಡಿಮೆ! ನಿಮ್ಮ ಮಾವ ಈ ಅಂಕಿಯನ್ನು ನಿಮಗೆ ತೋರಿಸಿದ್ದರೂ ತೋರಿಸಿರಬಹುದು, ಇಂಟರ್‌ನೆಟ್ಟಿನಲ್ಲಿ ಎಲ್ಲ ಕಡೆ ಓಡಾಡುತ್ತದೆ. ಅದರ ಜೊತೆಗೇ ಬಂದ ಇನ್ನೊಂದು ಫಲಿತಾಂಶವನ್ನು ಯಾರೂ ಹೇಳುವುದಿಲ್ಲ. ಸಾವು ಕಡಿಮೆ ಆಗಲಿಲ್ಲ. ವಿಟಮಿನ್ ಗುಂಪಿನಲ್ಲಿ ಸ್ವಲ್ಪ ಹೆಚ್ಚೇ ಇತ್ತು.

ನಿಜವಾದ ತೀರ್ಪು ಬಂದದ್ದು 2000ದಲ್ಲಿ, 'ಹೋಪ್' ಎಂಬ ಅಧ್ಯಯನದಿಂದ. ಎಲ್ಲಿಂದ ಅಂದುಕೊಂಡಿರಿ? ಅದೇ ಒಂಟಾರಿಯೋ ಪ್ರಾಂತ್ಯದಿಂದ. ಶ್ಯೂಟ್ ಅವರ ಲಂಡನ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ ದೂರದ ಹ್ಯಾಮಿಲ್ಟನ್‌ನಿಂದ. ಅದರ ಮುಂದಾಳು ಸಲೀಂ ಯೂಸುಫ್, ಕೇರಳದವರು, ಎಂಬಿಬಿಎಸ್ ಮಾಡಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. 9,541 ಜನರನ್ನು ತೆಗೆದುಕೊಂಡರು. ಎಲ್ಲರೂ 55 ದಾಟಿದವರು, ರಕ್ತನಾಳದ ಕಾಯಿಲೆ ಇದ್ದವರು, ಇಲ್ಲವೇ ಶುಗರ್ ಜೊತೆಗೆ ಇನ್ನೊಂದು ತೊಂದರೆ ಇದ್ದವರು, ಅಂದರೆ ಹೆಚ್ಚುಕಡಿಮೆ ನಿಮ್ಮ ತಂದೆಯಂಥವರೇ. ದಿನಕ್ಕೆ 400 ಐಯು, ನಾಲ್ಕೂವರೆ ವರ್ಷ. ಕೃತಕ ವಿಟಮಿನ್ ಕೊಟ್ಟು ಸೋಲಿಸಿದರು ಅಂತ ಕೆಲವರು ವಾದ ಮಾಡುತ್ತಾರೆ, ಆದರೆ ಇಲ್ಲಿ ಕೊಟ್ಟಿದ್ದು ನೈಸರ್ಗಿಕ ಮೂಲದ್ದು. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಹೃದಯದ ಕಾರಣಕ್ಕೆ ಸಾವು, ಇವು ಮೂರನ್ನೂ ಸೇರಿಸಿ ಎಣಿಸಿದಾಗ ವಿಟಮಿನ್ ನುಂಗಿದವರಲ್ಲಿ ನೂರಕ್ಕೆ 16.2, ಸುಳ್ಳು ಮಾತ್ರೆಯವರಲ್ಲಿ 15.5. ಲಾಭ ಶೂನ್ಯ.

ನನಗೆ ಇದರಲ್ಲಿ ಬಹಳ ಇಷ್ಟವಾಗುವ ಸಂಗತಿ ಒಂದಿದೆ. ಅದೇ ಅಧ್ಯಯನದಲ್ಲಿ, ಅದೇ ಜನರಲ್ಲಿ, ಇನ್ನೊಂದು ಔಷಧವನ್ನೂ ಅದೇ ಥರ ಪರೀಕ್ಷಿಸಿದ್ದರು. ರಾಮಿಪ್ರಿಲ್. ಬಿಪಿ ಇಳಿಸುವ ಮಾತ್ರೆ ಅದು. ಅದೇ ಮೂರನ್ನು ಎಣಿಸಿದಾಗ ಅದನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 14, ತೆಗೆದುಕೊಳ್ಳದವರಲ್ಲಿ 17.8. ನಿಮ್ಮ ತಂದೆಯ ಚೀಟಿಯಲ್ಲಿ ಇವತ್ತು ರಾಮಿಪ್ರಿಲ್ ಇರುವುದಕ್ಕೆ, ವಿಟಮಿನ್ ಇ ಇಲ್ಲದಿರುವುದಕ್ಕೆ ಒಂದೇ ಅಧ್ಯಯನ ಕಾರಣ. ತಕ್ಕಡಿ ಒಂದೇ, ಒಂದು ಗೆದ್ದಿತು, ಒಂದು ಸೋತಿತು.

ಅಲ್ಲಿಗೂ ಬಿಡಲಿಲ್ಲ. 2002ರಲ್ಲಿ ಬ್ರಿಟನ್ನಿನ 20,536 ಜನರಲ್ಲಿ ವಿಟಮಿನ್ ಇ, ಸಿ, ಬೀಟಾ ಕ್ಯಾರೋಟಿನ್ ಮೂರನ್ನೂ ಒಟ್ಟಿಗೆ ಕೊಟ್ಟು ನೋಡಿದರು, ಏನೂ ಉಪಯೋಗವಿಲ್ಲ. ಅದೇ ಅಧ್ಯಯನದಲ್ಲಿ ಸಿಮ್ವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಅಟ್ಯಾಕ್, ಪಾರ್ಶ್ವವಾಯುಗಳನ್ನು ಸುಮಾರು ಕಾಲುಭಾಗ ತಗ್ಗಿಸಿತು. ಅಪ್ಪ ಬಿಟ್ಟಿರುವುದು ಅದೇ ಜಾತಿಯ ಮಾತ್ರೆಯನ್ನು. ಯಾವುದು ಗೆದ್ದಿತೋ ಅದನ್ನು ಬಿಟ್ಟು, ಯಾವುದು ಸೋತಿತೋ ಅದನ್ನು ಹಿಡಿದುಕೊಂಡಿದ್ದಾರೆ. 2005ರಲ್ಲಿ ಸುಮಾರು ನಲವತ್ತು ಸಾವಿರ ಆರೋಗ್ಯವಂತ ಹೆಂಗಸರ ಮೇಲೆ ಹತ್ತು ವರ್ಷ ನಡೆದ ಅಧ್ಯಯನದಲ್ಲೂ ಅಟ್ಯಾಕ್ ಕಡಿಮೆ ಆಗಲಿಲ್ಲ. ಹೃದಯದ ಕಾರಣದ ಸಾವುಗಳು ಕಡಿಮೆ ಕಂಡವು ನಿಜ, ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಒಟ್ಟು ಸಾವಿನಲ್ಲಿ ವ್ಯತ್ಯಾಸ ಬರಲಿಲ್ಲ, ಬೇರೆ ಅಧ್ಯಯನಗಳಲ್ಲಿ ಅದು ಮತ್ತೆ ಕಾಣಲೂ ಇಲ್ಲ.

ಗಾಜಿನ ನಳಿಗೆಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಯಾಕೆ ಸೋತಿತು? ಒಂದೇ ಕಾರಣ ಅಂತಿಲ್ಲ. ರಕ್ತನಾಳದ ಗೋಡೆಯೊಳಗೆ ಎಲ್‌ಡಿಎಲ್ ಕೆಡುವುದು ಬಹುಪಾಲು ಬಿಳಿ ರಕ್ತಕಣಗಳು ಬಿಡುವ ಕಿಣ್ವಗಳಿಂದ, ಅಲ್ಲಿ ವಿಟಮಿನ್ ಇ ಅಷ್ಟಾಗಿ ಕೈ ಹಾಕಲಾರದು. ಅರವತ್ತರ ಹೊತ್ತಿಗೆ ಕೊಬ್ಬಿನ ಗಡ್ಡೆಗಳು ಬೆಳೆದು ಗಟ್ಟಿಯಾಗಿರುತ್ತವೆ, ಆಗ ಕೆಡುವುದನ್ನು ತಡೆದು ಏನು ಪ್ರಯೋಜನ ಎನ್ನುವುದೂ ಇದೆ. ವಿಟಮಿನ್ ಇ ತನ್ನ ಕೆಲಸ ಮುಗಿಸಿದ ಮೇಲೆ ತಾನೇ ಕೆಟ್ಟಿರುತ್ತದೆ, ಅದನ್ನು ಸರಿಪಡಿಸಲು ಬೇರೆ ಪದಾರ್ಥಗಳು ಸಾಕಷ್ಟು ಇಲ್ಲದಿದ್ದರೆ ಉಲ್ಟಾ ಕೆಲಸವನ್ನೂ ಮಾಡಬಹುದು. ಹೋಮೋಸಿಸ್ಟೀನ್ ಕಥೆಯೂ ಹೀಗೇ. ಅದು ರಕ್ತದಲ್ಲಿರುವ ಒಂದು ಪದಾರ್ಥ, ಹೆಚ್ಚಿದ್ದವರಲ್ಲಿ ಹೃದ್ರೋಗವೂ ಹೆಚ್ಚು ಕಾಣುತ್ತಿತ್ತು. ಫೋಲಿಕ್ ಆಸಿಡ್, ಬಿ6, ಬಿ12 ಕೊಟ್ಟರೆ ರಕ್ತದಲ್ಲಿ ಅದು ಇಳಿಯುತ್ತದೆ, ಆದರೆ 2006ರ ದೊಡ್ಡ ಅಧ್ಯಯನಗಳಲ್ಲಿ ಹಾರ್ಟ್ ಅಟ್ಯಾಕ್ ಇಳಿಯಲಿಲ್ಲ. ರಿಪೋರ್ಟು ಚೆನ್ನಾಗಾಯಿತು, ರೋಗಿ ಹಾಗೇ ಉಳಿದ.

ಹಾಗಂತ ವಿಟಮಿನ್‌ನಿಂದ ಹೃದಯ ವಾಸಿಯಾಗುವುದೇ ಇಲ್ಲವಾ? ಆಗುತ್ತದೆ, ಅದೂ ಬೆರಗಾಗುವ ಹಾಗೆ. ಥಯಾಮಿನ್ ಅಂದರೆ ಬಿ1 ಕೊರತೆಯಿಂದ ಬೆರಿಬೆರಿ ಎಂಬ ಕಾಯಿಲೆ ಬರುತ್ತದೆ. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿಕೊಂಡವರಲ್ಲಿ ಹಿಂದೆ ಸಾಮಾನ್ಯವಾಗಿತ್ತು, ಈಗಲೂ ವರ್ಷಾನುಗಟ್ಟಲೆ ಕುಡಿದು ಊಟ ಬಿಟ್ಟವರಲ್ಲಿ ನಾವು ನೋಡುತ್ತೇವೆ. ಕಾಲು ಬಾತು, ಉಸಿರು ಕಟ್ಟಿ, ಹೃದಯ ಸೋತು ಬಂದ ರೋಗಿಗೆ ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ಕೆಲವೊಮ್ಮೆ ಒಂದೇ ದಿನದಲ್ಲಿ ಎದ್ದು ಕೂರುತ್ತಾರೆ. ಅಲ್ಲಿ ಕೊರತೆಯೇ ಕಾಯಿಲೆ, ಅದನ್ನು ತುಂಬಿದರೆ ಗುಣ. ನಿಮ್ಮ ತಂದೆಯ ರಕ್ತನಾಳ ಕಟ್ಟಿಕೊಂಡದ್ದು ವಿಟಮಿನ್ ಇ ಕೊರತೆಯಿಂದಲ್ಲ. ಹತ್ತು ವರ್ಷದ ಶುಗರ್, ಕೊಲೆಸ್ಟ್ರಾಲ್, ಬಿಪಿ, ವಯಸ್ಸು, ಬೀಡಿ ಸಿಗರೇಟಿನ ಹಳೆಯ ಅಭ್ಯಾಸ ಇದ್ದರೆ ಅದೂ, ಇವುಗಳಿಂದ.

ಇನ್ನು ಔಷಧ ಕಂಪನಿಗಳ ವಿಷಯ. ಅವು ಸಾಧುಗಳು ಅಂತ ನಾನು ವಾದ ಮಾಡಲ್ಲ. ಆದರೆ ವಿಟಮಿನ್ ಇ ತಯಾರಿಸಿ ಮಾರುವವರು ಯಾರು? ಅದೇ ದೊಡ್ಡ ಕಂಪನಿಗಳು. 1999ರಲ್ಲಿ ರೋಶ್ ಮತ್ತು ಬಿಎಎಸ್‌ಎಫ್ ಕಂಪನಿಗಳು ವಿಟಮಿನ್ ಬೆಲೆಯನ್ನು ಒಳಗೊಳಗೇ ಮಾತಾಡಿಕೊಂಡು ಏರಿಸಿದ್ದಕ್ಕೆ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದವು, ರೋಶ್ ಒಂದೇ 50 ಕೋಟಿ ಡಾಲರ್. ವಿಟಮಿನ್ ಬಡವರ ಔಷಧ, ಮಾತ್ರೆ ಸಾಹುಕಾರರ ಔಷಧ ಅನ್ನುವುದು ನಿಜವಲ್ಲ. ಆಸ್ಪಿರಿನ್‌ಗೆ ಪೇಟೆಂಟ್ ಇಲ್ಲ, ಕಾಸಿಗೆ ಸಿಗುತ್ತದೆ, ಯಾರಿಗೂ ದೊಡ್ಡ ಲಾಭವಿಲ್ಲ. ಆದರೂ 1988ರಲ್ಲಿ ದೊಡ್ಡ ಅಧ್ಯಯನವೊಂದರಲ್ಲಿ ಅದು ಜೀವ ಉಳಿಸಿದ್ದು ಕಂಡಮೇಲೆ ಜಗತ್ತಿನ ಪ್ರತಿ ಎಮರ್ಜೆನ್ಸಿ ವಾರ್ಡಿನಲ್ಲೂ ಇದೆ. ವಿಟಮಿನ್ ಇ ಗೆದ್ದಿದ್ದರೆ ಅದಕ್ಕೂ ಅದೇ ಜಾಗ ಸಿಗುತ್ತಿತ್ತು.

ಸರಿ, ಲಾಭ ಇಲ್ಲ. ಆದರೆ ನಷ್ಟ ಏನು, ವಿಟಮಿನ್ ತಾನೇ ಅಂತ ಕೇಳುವವರು ಬಹಳ ಜನ. ದಿನಕ್ಕೆ ಬೇಕಿರುವ ವಿಟಮಿನ್ ಇ ಹೆಚ್ಚೆಂದರೆ 15 ಮಿಲಿಗ್ರಾಂ. ಅಪ್ಪ ನುಂಗುವ 800 ಐಯು ಅಂದರೆ ಅದರ ಇಪ್ಪತ್ತು ಪಟ್ಟಿಗೂ ಮೇಲೆ. ಅಷ್ಟು ಪ್ರಮಾಣದಲ್ಲಿ ಅದು ಆಹಾರ ಅಲ್ಲ, ಔಷಧ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದನ್ನು ತಗ್ಗಿಸುತ್ತದೆ, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸಕ್ಕೂ ಅಡ್ಡ ಬರುತ್ತದೆ. ನಿಮ್ಮ ತಂದೆ ಆಗಲೇ ಎರಡು ಮಾತ್ರೆಗಳಿಂದ ಪ್ಲೇಟ್‌ಲೆಟ್‌ಗಳ ಕೈ ಕಟ್ಟಿಸಿಕೊಂಡಿದ್ದಾರೆ, ಇದು ಮೂರನೆಯದು. ಬಿಪಿ ಪಟ್ಟಿ ತೋಳನ್ನು ಒತ್ತಿದಾಗ ಚರ್ಮದಡಿಯ ಸಣ್ಣ ರಕ್ತನಾಳಗಳು ಒಂದೆರಡು ಒಡೆಯುತ್ತವೆ. ಸಾಮಾನ್ಯವಾಗಿ ಅವು ಕೂಡಲೇ ಮುಚ್ಚಿಕೊಳ್ಳುತ್ತವೆ, ನಮಗೆ ಗೊತ್ತೂ ಆಗಲ್ಲ. ಇವರಲ್ಲಿ ಮುಚ್ಚಿಕೊಳ್ಳುತ್ತಿಲ್ಲ, ಅದಕ್ಕೇ ಪಟ್ಟಿಯ ಅಗಲಕ್ಕೆ ಸರಿಯಾಗಿ ನೀಲಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡರಿಂದಲೇ ಇಷ್ಟಾಗುವುದೂ ಉಂಟು. ಆದರೆ ಮೂರು ತಿಂಗಳಿಂದೀಚೆಗೆ ಶುರುವಾಗಿದ್ದರೆ ನನ್ನ ಅನುಮಾನ ಡಬ್ಬಿಯ ಮೇಲೆಯೇ.

ತೋಳಿನ ನೀಲಿ ದೊಡ್ಡದಲ್ಲ, ಭಯ ಇರುವುದು ಮಿದುಳಿನ ಬಗ್ಗೆ. ಅಮೆರಿಕದ ಸುಮಾರು ಹದಿನಾಲ್ಕೂವರೆ ಸಾವಿರ ಗಂಡಸು ಡಾಕ್ಟರುಗಳ ಮೇಲೆ ನಡೆದ ಅಧ್ಯಯನ 2008ರಲ್ಲಿ ಬಂತು. ವಿಟಮಿನ್ ಇ ತೆಗೆದುಕೊಂಡವರಲ್ಲಿ ಮಿದುಳಿನ ರಕ್ತಸ್ರಾವ ಜಾಸ್ತಿ ಇತ್ತು. ಒಟ್ಟು ಸಂಖ್ಯೆ ಸಣ್ಣದು, ಆದರೆ ಆದವರಿಗೆ ಅದು ಸಣ್ಣದಲ್ಲ ಅಲ್ವಾ. ಹೋಪ್ ಅಧ್ಯಯನವನ್ನು ಏಳು ವರ್ಷದವರೆಗೆ ಮುಂದುವರಿಸಿದಾಗ ವಿಟಮಿನ್ ಗುಂಪಿನಲ್ಲಿ ಹಾರ್ಟ್ ಫೇಲ್ಯೂರ್ 13 ಪರ್ಸೆಂಟ್ ಹೆಚ್ಚಾಗಿ ಕಂಡಿತು, ಅಟ್ಯಾಕ್ ಆಗಿ ಮೊದಲೇ ಪೆಟ್ಟು ತಿಂದ ಹೃದಯದವರು ಇದನ್ನು ಗಮನಿಸಬೇಕು. 2011ರಲ್ಲಿ ಇನ್ನೊಂದು ಅಧ್ಯಯನ, ದಿನಕ್ಕೆ 400 ಐಯು ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಪರ್ಸೆಂಟ್ ಹೆಚ್ಚು ಎಂದಿತು. ಇನ್ನೊಂದು ಮಾತು, ಶ್ಯೂಟ್ ಸೋದರರೇ ತಮ್ಮ ಬರಹಗಳಲ್ಲಿ ಬಿಪಿ ಇದ್ದವರಿಗೆ, ರುಮ್ಯಾಟಿಕ್ ಕಾಯಿಲೆಯಿಂದ ಕವಾಟ ಕೆಟ್ಟವರಿಗೆ ಕಡಿಮೆ ಡೋಸಿನಿಂದ ಹುಷಾರಾಗಿ ಶುರುಮಾಡಿ ಎಂದು ಎಚ್ಚರಿಸಿದ್ದರು. ಅವರ ಹೆಸರಿನಲ್ಲಿ ಡಬ್ಬಿ ಕೊಡುವವರು ಅದನ್ನು ಬಿಟ್ಟೇ ಹೇಳುತ್ತಾರೆ.

ಹಾಗಾದರೆ ಅಪ್ಪ ಹುಷಾರಾದದ್ದು? ಅದು ಸುಳ್ಳಲ್ಲ. ಅಟ್ಯಾಕ್ ಆದಾಗ ಹೃದಯದ ಸ್ನಾಯುವಿನ ಒಂದು ಭಾಗ ಸಾಯದೆ ಮರಗಟ್ಟಿ ಕೂತಿರುತ್ತದೆ, ರಕ್ತ ಸಿಕ್ಕಮೇಲೆ ವಾರ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಸ್ಟೆಂಟ್ ತನ್ನ ಕೆಲಸ ಮಾಡುತ್ತಿದೆ, ರಾಮಿಪ್ರಿಲ್ ತನ್ನದು. ಜೊತೆಗೆ ಧೈರ್ಯ ಬಂದು ಓಡಾಟ ಜಾಸ್ತಿ ಮಾಡಿರುತ್ತಾರೆ, ಓಡಾಟವೇ ದೊಡ್ಡ ಔಷಧ. ಎಂಟು ತಿಂಗಳಾದ ಮೇಲೆ ಮೆಟ್ಟಿಲು ಸಲೀಸಾಗುವುದು ನಾವು ದಿನಾ ನೋಡುವ ಸಂಗತಿ, ಡಬ್ಬಿ ನುಂಗದವರಲ್ಲೂ. ಇನ್ನು ಸ್ಟಾಟಿನ್ ಬಿಟ್ಟರೆ ಮೈಗೆ ಏನೂ ಗೊತ್ತಾಗುವುದಿಲ್ಲ, ಅದೇ ಕಷ್ಟ. ಎಲ್‌ಡಿಎಲ್ ಕೆಲವೇ ವಾರಗಳಲ್ಲಿ ಮೊದಲಿನಷ್ಟಕ್ಕೆ ಏರುತ್ತದೆ, ನೋವಿಲ್ಲದೆ, ಸದ್ದಿಲ್ಲದೆ.

ಈಗ ನಿಮ್ಮ ಮುಂದಿರುವ ದಾರಿಗಳು. ನಾನು ಮೊದಲೇ ಹೇಳಿದ್ದು ನನ್ನ ಆಯ್ಕೆ, ವಿಟಮಿನ್ ಇ ಪೂರ್ತಿ ಬಿಡುವುದು. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಮೈಯಿಂದ ಹೋಗಲು ಸಮಯ ಬೇಕು. ನೀಲಿ ಕಲೆ ಕಡಿಮೆಯಾಗಲು ಕೆಲವು ವಾರ ಹಿಡಿಯಬಹುದು. ಅಪ್ಪ ಒಪ್ಪದೆ, ಒಂದಾದರೂ ತಗೋತೀನಿ ಅಂದರೆ? 400ಕ್ಕೆ ಇಳಿಸಿದರೂ ರಕ್ತಸ್ರಾವದ ಅಪಾಯ ಪೂರ್ತಿ ಹೋಗಲ್ಲ, ಮೇಲೆ ಹೇಳಿದ ಬಹುಪಾಲು ಅಧ್ಯಯನಗಳ ಡೋಸ್ ಆಸುಪಾಸಿನದ್ದೇ. ಡಾಕ್ಟರೇ ಕ್ಲೋಪಿಡೋಗ್ರೆಲ್ ನಿಲ್ಲಿಸುವವರೆಗಾದರೂ ಬೇಡ ಅಂತ ಹಟ ಹಿಡಿಯಿರಿ. ಕೆಲವರು ನಮ್ಮಲ್ಲಿ ಸಿಗುವ ಹಸಿರು ಕ್ಯಾಪ್ಸೂಲ್ ಪರವಾಗಿಲ್ವಾ ಅಂತ ಕೇಳುತ್ತಾರೆ. ಅದೂ 400ರದ್ದೇ ಜಾಸ್ತಿ ಮಾರಾಟ ಆಗುವುದು, ಬಣ್ಣ ಬೇರೆ ಅಷ್ಟೆ. (ಅದನ್ನು ಸೂಜಿಯಿಂದ ಚುಚ್ಚಿ ಮುಖಕ್ಕೆ ಹಚ್ಚಿಕೊಳ್ಳುವವರ ಬಗ್ಗೆ ಹೃದಯದ ಡಾಕ್ಟರಿಗೆ ತಕರಾರಿಲ್ಲ.) ಬೇರೆ ಯಾರಾದರೂ ಓದುಗರ ಮನೆಯಲ್ಲಿ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರಿದ್ದರೆ ಅವರಂತೂ ಕೇಳದೆ ಮುಟ್ಟಲೇಬಾರದು. ಫ್ಯಾಟಿ ಲಿವರ್‌ನ ಕೆಲವರಿಗೆ, ಕೊಬ್ಬು ಅರಗದ ಕಾಯಿಲೆ ಇರುವವರಿಗೆ ಡಾಕ್ಟರುಗಳೇ ವಿಟಮಿನ್ ಇ ಬರೆಯುವುದುಂಟು, ಅದು ಬೇರೆ ಲೆಕ್ಕ.

ಊಟದಿಂದ ಸಿಗುವ ವಿಟಮಿನ್ ಇ ಬಗ್ಗೆ ಯಾವ ಭಯವೂ ಬೇಡ. ಸೂರ್ಯಕಾಂತಿ ಎಣ್ಣೆ ಒಂದು ದೊಡ್ಡ ಚಮಚದಲ್ಲಿ ಐದಾರು ಮಿಲಿಗ್ರಾಂ ಇರುತ್ತದೆ, ಕುಸುಬೆ ಎಣ್ಣೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಂದು ಹಿಡಿ ಬಾದಾಮಿಯಲ್ಲಿ ಏಳರ ಹತ್ತಿರ. ಶೇಂಗಾದಲ್ಲೂ ಇದೆ, ಸೊಪ್ಪಿನಲ್ಲೂ ಸ್ವಲ್ಪ ಇದೆ. ರೊಟ್ಟಿ, ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ ತಿನ್ನುವ ಮನೆಯಲ್ಲಿ ಕೊರತೆ ಬರುವುದು ಅಪರೂಪ. ಬೆಣ್ಣೆ ದೋಸೆಯ ಊರಿನವರಿಗೆ ಬೆಣ್ಣೆಯ ಬಗ್ಗೆ ನಾನು ಹೇಳಿದರೆ ಕೇಳುತ್ತಾರೋ ಇಲ್ಲವೋ, ಅಪರೂಪಕ್ಕೆ ಒಂದು ತಿನ್ನಲಿ ಬಿಡಿ.

ಸ್ಟಾಟಿನ್ ಅಪ್ಪ ಯಾಕೆ ಬಿಟ್ಟರು ಅಂತ ಒಮ್ಮೆ ಸಮಾಧಾನವಾಗಿ ಕೇಳಿ. ಬರೀ ನಂಬಿಕೆಯಿಂದಲೋ, ಕೈಕಾಲು ನೋವು ಅಂತಲೋ, ಲಿವರ್ ಹಾಳಾಗುತ್ತೆ ಅಂತ ಯಾರಾದರೂ ಹೆದರಿಸಿದರೋ. ನೋವಾಗಿದ್ದರೆ ದಾರಿಗಳಿವೆ, ಡೋಸ್ ಇಳಿಸಬಹುದು, ರೋಸುವಾಸ್ಟಾಟಿನ್‌ಗೆ ಬದಲಿಸಬಹುದು, ಎಜೆಟಿಮೈಬ್ ಎಂಬ ಬೇರೆ ಜಾತಿಯ ಕೊಲೆಸ್ಟ್ರಾಲ್ ಮಾತ್ರೆ ಸೇರಿಸಬಹುದು. ಲಿವರ್ ಭಯವಾದರೆ ಒಂದು ರಕ್ತಪರೀಕ್ಷೆ ಸಾಕು. ಡಾಕ್ಟರು ಬೈತಾರೆ ಎನ್ನುವ ಭಯಕ್ಕೆ ನಾನೇನು ಹೇಳಲಿ, ಕೆಲವರು ಬೈಯುತ್ತಾರೆ, ನಿಜ. ಅಪ್ಪನ ಬದಲು ನೀವೇ ಹೇಳಿ, ಡಬ್ಬಿಯನ್ನೂ ಎತ್ತಿಕೊಂಡು ಹೋಗಿ ಮೇಜಿನ ಮೇಲಿಡಿ. ಅದರ ಮೇಲಿನ ಅಕ್ಷರ ನೋಡಿದರೆ ಡಾಕ್ಟರಿಗೆ ಎರಡು ನಿಮಿಷದ ಕೆಲಸ. ಮಾವನ ಜೊತೆ ಜಗಳ ಬೇಡ. ಅವರು ತಂದದ್ದು ಪ್ರೀತಿಯಿಂದ. ರಾಮಿಪ್ರಿಲ್ ಗೆದ್ದದ್ದು ಅವರಿರುವ ಕೆನಡಾದಲ್ಲೇ ಅಂತ ಹೇಳಿ ನೋಡಿ, ಖುಷಿಯಾದರೂ ಆಗಬಹುದು.

ಮುಂದಿನ ಕೆಲವು ವಾರ ಇಷ್ಟು ಗಮನಿಸಿ. ಮಲ ಟಾರಿನಂತೆ ಕಪ್ಪಗೆ ಆದರೆ, ವಾಂತಿಯಲ್ಲಿ ರಕ್ತ ಕಂಡರೆ, ಮೂಗಿನ ರಕ್ತ ಒತ್ತಿಹಿಡಿದರೂ ನಿಲ್ಲದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ತಡೆಯಲಾಗದ ತಲೆನೋವು, ಮಾತು ತೊದಲುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಕೈ ಬಲ ಹೋಗುವುದು ಕಂಡರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬೆವರಿನ ಜೊತೆ ಎದೆ ಹಿಂಡಿದಂತಾದರೂ ಅಷ್ಟೇ. ಇದೇನೂ ಆಗದಿದ್ದರೆ ಸ್ಟಾಟಿನ್ ಮತ್ತೆ ಶುರುಮಾಡಿದ ಆರರಿಂದ ಎಂಟು ವಾರಕ್ಕೆ ಲಿಪಿಡ್ ಪರೀಕ್ಷೆ ಮಾಡಿಸಿ. ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು, ಅಟ್ಯಾಕೂ ಆಗಿ ಶುಗರೂ ಇರುವುದರಿಂದ 55ಕ್ಕಿಂತ ಕೆಳಗೆ ಬಂದರೆ ಇನ್ನೂ ಒಳ್ಳೆಯದು. ಬರದಿದ್ದರೆ ಎಜೆಟಿಮೈಬ್ ಸೇರಿಸಬೇಕಾ ಅಂತ ನಿಮ್ಮ ಡಾಕ್ಟರನ್ನು ನೀವೇ ಕೇಳಿ.